ಕುದುರೆಯ ಕವಚ ಮತ್ತು ಮುಂಗಡದ ಹಣ



ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗ ಬಳಿಗೆ ಬಂದು, "ತಾತ, ಒಂದು ಸೀಸನ್ ಪಾಸ್ ಕೊಡಿಸ್ತೀರಾ?" ಎಂದು ಕೇಳಿದ. ರೈಲಿನ ಪಾಸ್ ಇರಬೇಕೆಂದು ಭಾವಿಸಿದೆ. ಅವನು ನಕ್ಕು ವಿವರಿಸಿದ: ವಿಡಿಯೋ ಗೇಮ್ ಕೊಂಡ ಮೇಲೂ ಅದಕ್ಕೆ ಹೊಸ ಭಾಗಗಳು ಬರುತ್ತಿರುತ್ತವೆ, ಅವುಗಳಿಗೆಲ್ಲ ಮೊದಲೇ ಒಟ್ಟಾಗಿ ಹಣ ಕಟ್ಟುವುದೇ ಸೀಸನ್ ಪಾಸ್. ಇನ್ನೂ ಸಿದ್ಧವಾಗದ ಸರಕಿಗೆ ಹಣ ಕೊಡುವುದು ಸರಿಯೇ? ಇತಿಹಾಸದ ಮೇಷ್ಟ್ರಲ್ಲವೇ, ಓದಿ ನೋಡಿ ಹೇಳುತ್ತೇನೆಂದೆ.

ಈ ವ್ಯಾಪಾರದ ಚರಿತ್ರೆಯಲ್ಲಿ ಎಲ್ಲರೂ ನೆನೆಯುವುದು ಒಂದು ಕುದುರೆಯನ್ನು. 2006ರ ಮಾರ್ಚ್‌ನಲ್ಲಿ ಅಮೆರಿಕದ ಬೆಥೆಸ್ಡಾ ಸಂಸ್ಥೆ 'ಆಬ್ಲಿವಿಯನ್' ಎಂಬ ಆಟವನ್ನು ಹೊರತಂದಿತು. ಮರುತಿಂಗಳೇ, ಆಟದೊಳಗಿನ ಕುದುರೆಗೆ ತೊಡಿಸುವ ಕವಚವನ್ನು ಸುಮಾರು ಎರಡೂವರೆ ಡಾಲರಿಗೆ ಮಾರಾಟಕ್ಕಿಟ್ಟಿತು. ಅಲಂಕಾರಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲದ ಆ ಕವಚ ಇಂದಿಗೂ ನಗೆಪಾಟಲಿನ ವಸ್ತು. ಆದರೆ ಅದೇ ಸಂಸ್ಥೆ 2007ರಲ್ಲಿ 'ಶಿವರಿಂಗ್ ಐಲ್ಸ್' ಎಂಬ ಹೊಸ ನಾಡನ್ನೇ ಆ ಆಟಕ್ಕೆ ಸೇರಿಸಿ 30 ಡಾಲರ್ ಕೇಳಿದಾಗ ಆಟಗಾರರು ಮೆಚ್ಚಿಕೊಂಡರು. ಅವರ ಸಿಟ್ಟು ಬೆಲೆಯ ಮೇಲಿರಲಿಲ್ಲ, ಬೆಲೆಗೆ ದೊರೆತದ್ದರ ಮೇಲಿತ್ತು.

2011ರಲ್ಲಿ 'ಎಲ್.ಎ. ನುವಾರ್' ಆಟದ ಜೊತೆಗೆ 'ರಾಕ್‌ಸ್ಟಾರ್ ಪಾಸ್' ಬಂದಿತು. ಮುಂಗಡ ಪಾಸ್‌ನ ಪದ್ಧತಿ ಅಲ್ಲಿಂದೀಚೆಗೆ ಬೇರೂರಿತು. 2015ರಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್' ಆಟದ ಬೆಲೆ 60 ಡಾಲರ್ ಇದ್ದರೆ, ಅದರ ಪಾಸ್‌ಗೇ 50 ಡಾಲರ್! ಅದೇ ವರ್ಷ ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಸಂಸ್ಥೆ 'ವಿಚರ್ 3'ಕ್ಕೆ 16 ಚಿಕ್ಕ ಸೇರ್ಪಡೆಗಳನ್ನು ಉಚಿತವಾಗಿ ಕೊಟ್ಟು, ಎರಡು ದೊಡ್ಡ ಭಾಗಗಳ ಪಾಸ್ ಅನ್ನು 25 ಡಾಲರಿಗೆ ಮಾರಿತು. ಅವರೂ ಹಣ ಪಡೆದದ್ದು ಮೊದಲೇ. ಆದರೆ 2016ರಲ್ಲಿ ಬಂದ ಎರಡನೆಯ ಭಾಗ ಎಷ್ಟು ಸಮೃದ್ಧವಾಗಿತ್ತೆಂದರೆ, ಪೂರ್ಣ ಆಟಗಳೊಡನೆ ಸ್ಪರ್ಧಿಸಿ ಪ್ರಶಸ್ತಿ ಗಳಿಸಿತು.

ಮುಂಗಡದ ಈ ವ್ಯವಹಾರ ಹೊಸದೇನಲ್ಲ. ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ 1756ರಲ್ಲಿ ಷೇಕ್ಸ್‌ಪಿಯರನ ನಾಟಕಗಳ ಸಂಪಾದನೆಗೆ ಚಂದಾ ಎತ್ತಲು ಹೊರಟ. ಮರುವರ್ಷವೇ ಕೊಡುವೆನೆಂದ ಗ್ರಂಥ ಹೊರಬಂದದ್ದು 1765ರಲ್ಲಿ. ಈ ನಡುವೆ ಕವಿಯೊಬ್ಬ ಅವನನ್ನು ಬಹಿರಂಗವಾಗಿ ಹಂಗಿಸಿದ. ಆದರೂ ಕೃತಿ ಬಂದಿತು, ಇಂದಿಗೂ ಉಳಿದಿದೆ.

ಇಷ್ಟು ಓದುವಾಗ ನನ್ನದೇ ಒಂದು ತಪ್ಪು ನೆನಪಾಗಿ ಚುಚ್ಚಿತು. 1984ರಲ್ಲಿ ನಮ್ಮ ಶಾಲೆಯ ಪತ್ರಿಕೆಗೆಂದು ಮಕ್ಕಳಿಂದ ತಲಾ 3 ರೂಪಾಯಿ ಪಡೆದು, ವರ್ಷದಲ್ಲಿ ಮೂರು ಸಂಚಿಕೆ ತರುವೆನೆಂದಿದ್ದೆ. ಸೈಕ್ಲೋಸ್ಟೈಲ್ ಮಾಡಿದ ಒಂದೇ ಸಂಚಿಕೆ ಬಂದಿತು. ಅಷ್ಟರಲ್ಲಿ ನನಗೆ ವರ್ಗವಾಯಿತು. ಉಳಿದ ಹಣ ಶಾಲೆಯ ಲೆಕ್ಕದಲ್ಲೇ ಉಳಿಯಿತು. ಯಾವ ಮಗುವೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಲಿಲ್ಲವೆಂಬುದೇ ಇಂದು ಹೆಚ್ಚು ನೋಯಿಸುತ್ತದೆ.

ಆದ್ದರಿಂದ ಮೊಮ್ಮಗನಿಗೆ ಹೀಗೆಂದೆ: "ಭಾಗಗಳು ಹೊರಬರಲಿ, ಆಡಿದವರು ಒಳ್ಳೆಯದೆನ್ನಲಿ, ಆಗ ಕೊಡಿಸುತ್ತೇನೆ. ಸೇರಿಸಿದ್ದು ಹೊಸ ನಾಡಾದರೆ ಹಣಕ್ಕೆ ಮೋಸವಿಲ್ಲ. ಬರೀ ಕುದುರೆಯ ಕವಚವಾದರೆ ಬೇಡ." ಅವನು ಒಪ್ಪಿದ, ಮುಖ ಸ್ವಲ್ಪ ಸಣ್ಣದಾಗಿತ್ತು.

ಇದನ್ನು ಓದುತ್ತಿರುವ ಆ ತರಗತಿಯ ಶಿಷ್ಯರೇ, ಉಳಿದೆರಡು ಸಂಚಿಕೆಗಳ ಋಣ ನನ್ನ ಮೇಲಿದೆ. ನಿಮ್ಮ ಅಂದಿನ ನೆನಪುಗಳನ್ನು ಬರೆದು ಕಳುಹಿಸಿ. ಇಲ್ಲಿಯೇ ಪ್ರಕಟಿಸಿ ತೀರಿಸುತ್ತೇನೆ. ಈ ಸಲ ಚಂದಾ ಇಲ್ಲ.