ಹಿಮಕಾಡಿನ ಪರಿಮಳ ನಡೆದು ಬಂದ ದಾರಿ

ಮಂಗಳಾರತಿ ತಟ್ಟೆಯಲ್ಲಿ ಉರಿಯುವ ಕರ್ಪೂರಕ್ಕೂ ನೆಲ ಒರೆಸುವ ಬಿಳಿ ಫಿನಾಯಿಲಿಗೂ ಮೂಲ ಒಂದೇ ಜಾತಿಯ ಮರ. ಇಂದು ಅಂಗಡಿಯಲ್ಲಿ ಸಿಗುವ ಕರ್ಪೂರದ ಬಹುಪಾಲು ಕರ್ಪೂರದ ಮರದಿಂದ ಬಂದದ್ದಲ್ಲ. ಪೈನ್ ಮರದ ರಾಳದಿಂದ ಇಳಿಸಿದ ಟರ್ಪಂಟೈನನ್ನು ಕಾರ್ಖಾನೆಯಲ್ಲಿ ಮಾರ್ಪಡಿಸಿ ಮಾಡಿದ್ದು. ಬಿಳಿ ಫಿನಾಯಿಲಿನ ಖಾರ ವಾಸನೆಯೂ ಪೈನ್ ಎಣ್ಣೆಯದೇ. ಹಿಮ ಬೀಳುವ ಬೆಟ್ಟವನ್ನು ಒಮ್ಮೆಯೂ ಕಾಣದ ಕನ್ನಡಿಗರ ಮೂಗಿಗೂ ಆ ಕಾಡು ಹೀಗೆ ಪರಿಚಿತ: ಒಂದು ಕಡೆ ದೇವರಮನೆ, ಇನ್ನೊಂದು ಕಡೆ ಬಚ್ಚಲುಮನೆ. ಚಳಿಗಾಲದ ಬೆಟ್ಟದ ಕಾಡನ್ನು ಮೈಗೆ ಹಚ್ಚಿಕೊಳ್ಳುವ ಸುಗಂಧವಾಗಿಸಲು ಹೊರಟ ಯುರೋಪು, ಅಮೆರಿಕದ ತಯಾರಕರು ನೂರಕ್ಕೂ ಹೆಚ್ಚು ವರ್ಷ ಎದುರಿಸಿದ ತೊಡಕೂ ಇದೇ. ಸೂಜಿ ಎಲೆಯ ಮರಗಳ ಎಣ್ಣೆ ಸುಲಭವಾಗಿ ಸಿಗುತ್ತದೆ, ಅಗ್ಗವೂ ಹೌದು. ಆದರೆ ಅದನ್ನು ಹಾಗೇ ಸೀಸೆಗೆ ತುಂಬಿದರೆ ಸಿಗುವುದು ಕಾಡಲ್ಲ, ತೊಳೆದ ನೆಲ.

ಈ ತೊಡಕು ಬರುವುದು ಆ ಎಣ್ಣೆಯ ಗುಣದಿಂದ. ಟಿರೋಲ್ ಬೆಟ್ಟಗಳ ಕುಳ್ಳ ಪೈನ್, ಸೈಬೀರಿಯದ ಫರ್, ಕೆನಡಾದ ಬಾಲ್ಸಮ್ ಫರ್ ಇವುಗಳ ಎಳೆ ಕೊಂಬೆಗಳನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ತೆಳುವಾದ, ಚುರುಕಾದ ಎಣ್ಣೆ ಬರುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಪೈನೀನ್, ಲಿಮೊನೀನ್, ಕ್ಯಾರೀನ್ ಎಂಬ ಟರ್ಪೀನುಗಳು ಮತ್ತು ಬಾರ್ನೈಲ್ ಅಸಿಟೇಟ್. ಫರ್ ಮರಕ್ಕೆ ಅದರದೇ ಆದ ತಣ್ಣನೆಯ ಹಸಿರು ಘಮ ಬರುವುದು ಈ ಕೊನೆಯದರಿಂದ. ಟರ್ಪೀನುಗಳ ರಚನೆಯನ್ನು ಬಿಡಿಸಿದ ಜರ್ಮನಿಯ ಒಟ್ಟೊ ವಾಲಾಖ್ ಅವರಿಗೆ 1910ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಈ ಅಣುಗಳು ಹಗುರ. ಚರ್ಮದ ಬಿಸಿ ತಾಗಿದ ಸ್ವಲ್ಪ ಹೊತ್ತಿನಲ್ಲೇ ಹಾರಿಹೋಗುತ್ತವೆ. ಇನ್ನೊಂದು ಕಷ್ಟವೂ ಇದೆ. ಚಳಿಯಲ್ಲಿ ಎಲ್ಲವೂ ನಿಧಾನವಾಗಿ ಆವಿಯಾಗುತ್ತದೆ, ಹಾಗಾಗಿ ನಿಜವಾದ ಹಿಮಕಾಡಿನಲ್ಲಿ ಮೂಗಿಗೆ ಬರುವುದು ಬಹಳ ಸ್ವಲ್ಪ: ಒಂದೆಳೆ ರಾಳ, ಒದ್ದೆ ತೊಗಟೆ, ದೂರದ ಹೊಗೆ. ಆ ಮಿತವನ್ನು ಬೆಚ್ಚಗಿನ ಮೈಮೇಲೆ ತೋರಿಸುವುದೇ ಕಠಿಣ. ಬರೀ ಪೈನ್ ಎಣ್ಣೆಯ ಸುಗಂಧ ಬೇಳೆಯಿಲ್ಲದ ನೀರಿಗೆ ಒಗ್ಗರಣೆ ಕೊಟ್ಟಂತೆ. ಘಂ ಎನ್ನುತ್ತದೆ, ಕೆಳಗೆ ಏನೂ ಇರುವುದಿಲ್ಲ.

ಕೆಳಗಿನ ನೆಲ ಮೊದಲು ಸಿಕ್ಕಿದ್ದು ಪ್ರಯೋಗಶಾಲೆಯಿಂದ. 1868ರಲ್ಲಿ ವಿಲಿಯಂ ಪರ್ಕಿನ್ ಒಣಹುಲ್ಲಿನ ಘಮದ ಕೂಮರಿನ್ ಅನ್ನು ಕೃತಕವಾಗಿ ತಯಾರಿಸಿದರು. 1882ರಲ್ಲಿ ಊಬಿಗಾಂ ಮನೆತನದ ಪಾಲ್ ಪಾರ್ಕೆ ಅದನ್ನು ಲ್ಯಾವೆಂಡರ್ ಮತ್ತು ಓಕ್ ಮಾಸ್ ಜೊತೆ ಸೇರಿಸಿ 'ಫೂಜೇರ್ ರೊಯಾಲ್' ಮಾಡಿದರು. ಅದು ಜರೀಗಿಡದ ಹೆಸರು ಹೊತ್ತ ಸುಗಂಧ. ಜರೀಗಿಡಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಅಂದರೆ ಪಾರ್ಕೆ ಗಿಡವನ್ನು ಹಿಂಡಲಿಲ್ಲ, ಅದು ಬೆಳೆಯುವ ನೆರಳಿನ ಜಾಗವನ್ನು ಊಹಿಸಿ ಕಟ್ಟಿದರು. ಕಾಡಿನ ಸುಗಂಧದ ಇತಿಹಾಸ ನಿಜವಾಗಿ ಶುರುವಾಗುವುದು ಇಲ್ಲಿಂದ ಎಂದು ನನ್ನ ಅಭಿಪ್ರಾಯ. ಮುಂದೆ 1917ರಲ್ಲಿ ಫ್ರಾನ್ಸ್ವಾ ಕೊಟಿ ಅವರ 'ಶೀಪ್ರ್' ಬಂದು ಓಕ್ ಮಾಸ್‌ಗೆ ಇನ್ನೂ ದೊಡ್ಡ ಪಟ್ಟ ಕೊಟ್ಟಿತು.

ಮಾಸ್ ಎಂದು ಕರೆದರೂ ಅದು ಪಾಚಿಯಲ್ಲ, ಓಕ್ ಮರಗಳ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂ. ಬಾಲ್ಕನ್ ಬೆಟ್ಟಗಳಲ್ಲಿ ಕಿತ್ತು ಒಣಗಿಸಿ ಫ್ರಾನ್ಸಿಗೆ ಕಳಿಸುತ್ತಿದ್ದರು. ಬಿಸಿಬೇಳೆಬಾತಿನ ಪುಡಿಗೂ ಪಲಾವಿಗೂ ನಾವು ಹಾಕುವ ಕಲ್ಲುಹೂ ಇದೇ ಕುಟುಂಬದ್ದು. ಮಸಾಲೆ ಡಬ್ಬಿಯಿಂದ ಒಂದು ಚೂರು ತೆಗೆದು ಎಣ್ಣೆಯಿಲ್ಲದೆ ತುಸು ಬಿಸಿ ಮಾಡಿ ಮೂಸಿ ನೋಡಿ. ಮಣ್ಣು, ಮರ, ತೇವ, ತುಸು ಹೊಗೆ ಒಟ್ಟಿಗೆ ಬರುತ್ತವೆ. ಯುರೋಪಿನ ಸುಗಂಧ ತಯಾರಕರು ಕಾಡಿನ ನೆಲವನ್ನು ಹಾಸಲು ನೆಚ್ಚಿಕೊಂಡ ಸಾಮಗ್ರಿಯ ಹತ್ತಿರದ ಬಂಧು ನಮ್ಮ ಒಲೆಯ ಪಕ್ಕದಲ್ಲೇ ಇದೆ.

ನೆಲ ಸಿಕ್ಕಿತು, ಚಳಿ ಇನ್ನೂ ಬೇಕಿತ್ತು. ಅದನ್ನು ತಂದವರು ಸುಗಂಧ ತಯಾರಕ ಎರ್ನೆಸ್ಟ್ ಬೋ. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಅವರು ರಷ್ಯದ ಉತ್ತರ ತುದಿಯಲ್ಲಿ ಸೈನಿಕ ಸೇವೆಯಲ್ಲಿದ್ದರು. ಆರ್ಕ್‌ಟಿಕ್ ವೃತ್ತದಾಚೆ, ನಡುರಾತ್ರಿಯ ಸೂರ್ಯನ ಬೆಳಕಿನಲ್ಲಿ ಸರೋವರಗಳೂ ನದಿಗಳೂ ಬಿಡುತ್ತಿದ್ದ ತಾಜಾತನ ತಮ್ಮ ಮನಸ್ಸಿನಲ್ಲಿ ಉಳಿಯಿತೆಂದೂ ಅದನ್ನೇ ಹಿಡಿಯಲು ಯತ್ನಿಸಿದೆನೆಂದೂ ಅವರು ಮುಂದೆ ಹೇಳಿಕೊಂಡರು. 1921ರ 'ಶನೆಲ್ ನಂಬರ್ 5' ಹುಟ್ಟಿದ್ದು ಹೀಗೆ. ಮಲ್ಲಿಗೆ, ಗುಲಾಬಿಗಳ ಈ ಸುಗಂಧವನ್ನು ಯಾರೂ ಕಾಡಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ಬೋ ಅದರಲ್ಲಿ ಧಾರಾಳವಾಗಿ ಬಳಸಿದ ಅಲ್ಡಿಹೈಡುಗಳು, ಅಂದರೆ ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆ ಮತ್ತು ಆರಿಸಿದ ಮೇಣದಬತ್ತಿಯ ನೆನಪು ತರುವ ಅಣುಗಳು, ಹಿಮದ ಭ್ರಮೆ ಹುಟ್ಟಿಸಲು ಇಂದಿಗೂ ಬಳಕೆಯಲ್ಲಿವೆ. ಅದೇ ಬೋ 'ಕ್ವಿರ್ ದ ರೂಸಿ'ಯಲ್ಲಿ ಬರ್ಚ್ ಮರದ ಟಾರನ್ನು ಬಳಸಿ ಉತ್ತರ ದೇಶದ ಹೊಗೆಯನ್ನೂ ತಂದರು. ಹೀಗೆ 1920ರ ದಶಕ ಮುಗಿಯುವ ಮೊದಲೇ ಕಲ್ಲುಹೂವಿನ ಗಂಧ, ಹಿಮ, ಹೊಗೆ ಮೂರೂ ತಯಾರಕರ ಕಪಾಟಿನಲ್ಲಿದ್ದವು.

ಆದರೂ ಹಿಮಕಾಡಿನ ಸುಗಂಧ ಅಮೆರಿಕದಲ್ಲಿ ತಡವಾಗಿ ಬಂತು. 1929ರಲ್ಲಿ ಮಿಸಿಸಿಪಿಯ ಹ್ಯಾರಿ ಕೋಲ್ ಪೈನ್ ಎಣ್ಣೆಯ 'ಪೈನ್-ಸಾಲ್' ಎಂಬ ನೆಲ ತೊಳೆಯುವ ದ್ರವ ತಯಾರಿಸಿದರು. 1952ರಲ್ಲಿ ಜೂಲಿಯಸ್ ಸೇಮನ್ ಕಾರಿನ ಕನ್ನಡಿಗೆ ನೇತುಹಾಕುವ ಕಾಗದದ ಪುಟ್ಟ ಮರವನ್ನು ಮಾರುಕಟ್ಟೆಗೆ ತಂದರು. ಕೆನಡಾದ ಕಾಡುಗಳಲ್ಲಿ ಸೂಜಿ ಎಲೆಗಳ ಪರಿಮಳವನ್ನು ಅಧ್ಯಯನ ಮಾಡಿದ್ದ ಮನುಷ್ಯ ಅವರು. ಎರಡೂ ಅಪಾರವಾಗಿ ಮಾರಾಟವಾದವು. ಒಂದೆರಡು ತಲೆಮಾರಿನೊಳಗೆ ಪೈನ್ ಎಂದರೆ ಬೆಟ್ಟ ಎನ್ನುವ ಬದಲು ಕಕ್ಕಸುಮನೆ, ಟ್ಯಾಕ್ಸಿ ಎಂಬ ನೆನಪು ಜನರಲ್ಲಿ ಬೇರೂರಿತು. ಹೀಗೆ ಕಳೆದುಹೋದ ಗೌರವ ಒಂದು ವಾಸನೆಗೆ ಮರಳಿ ಬರಲು ಎಷ್ಟು ಕಾಲ ಬೇಕೆಂಬುದಕ್ಕೆ ಪೈನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಟಲಿಯಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಪೈನ್ ಕ್ಷೌರದಂಗಡಿಯ, ಸ್ನಾನದ ನಂತರದ ಶುಚಿಯಾದ ಗಂಡಸಿನ ಘಮವಾಗಿ ಉಳಿಯಿತು. 1955ರಲ್ಲಿ ಲೀನೊ ವಿದಾಲ್ ರೂಪಿಸಿದ, ಪೈನ್ ಕಾಯಿಯ ಆಕಾರದ ಹಸಿರು ಸೀಸೆಯ 'ಪೀನೊ ಸಿಲ್ವೆಸ್ತ್ರೆ' ಇಂದಿಗೂ ಕಡಿಮೆ ಬೆಲೆಗೆ ಸಿಗುತ್ತದೆ. ಅಮೆರಿಕ ಪೈನನ್ನು ಮತ್ತೆ ಮೈಗೆ ಹಚ್ಚಿಕೊಂಡದ್ದು 1978ರಲ್ಲಿ, ಕಾರ್ಲೊಸ್ ಬೆನೈಮ್ ರಾಲ್ಫ್ ಲಾರೆನ್‌ಗಾಗಿ 'ಪೋಲೋ' ಮಾಡಿದಾಗ. ತೊಗಲು, ತಂಬಾಕು, ಓಕ್ ಮಾಸ್‌ಗಳ ನಡುವೆ ಪೈನನ್ನು ಕೂರಿಸಿದ್ದೇ ಅದರ ಯಶಸ್ಸಿನ ಗುಟ್ಟು. ಅಲ್ಲಿ ಪೈನ್ ಒಂಟಿಯಾಗಿರಲಿಲ್ಲ.

ಅದೇ ದಶಕದಲ್ಲಿ ಸದ್ದಿಲ್ಲದೆ ಬಂದ ಒಂದು ಅಣು ಮುಂದಿನದನ್ನೆಲ್ಲ ಬದಲಿಸಿತು. 1973ರಲ್ಲಿ ಐಎಫ್‌ಎಫ್ ಕಂಪನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದ 'ಐಸೊ ಇ ಸೂಪರ್'ಗೆ ದೇವದಾರಿನ ಜಾತಿಯ ಒಣ, ಮೃದು, ಗಾಳಿಯಾಡುವ ಗುಣವಿದೆ. ಮರದ ಘಮವನ್ನು ಭಾರವಿಲ್ಲದೆ ದಿನವಿಡೀ ನಿಲ್ಲಿಸುವ ಉಪಾಯ ಸಿಕ್ಕಿದ್ದು ಇದರಿಂದ. 1992ರಲ್ಲಿ ಶಿಸೈಡೊ ಕಂಪನಿಗಾಗಿ ಸೆರ್ಜ್ ಲೂಟಾನ್ಸ್ ರೂಪಿಸಿದ 'ಫೆಮಿನಿತೆ ದ್ಯು ಬ್ವಾ' ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳ ದೇವದಾರನ್ನು ಹೆಂಗಸರ ಸುಗಂಧದ ನಟ್ಟನಡುವೆ ಇಟ್ಟಿತು. ಮರದ ಪರಿಮಳ ಗಂಡಸರಿಗೆ, ಹೂವಿನದು ಹೆಂಗಸರಿಗೆ ಎಂಬ ಹಳೆಯ ಗೆರೆಯನ್ನು ಇಷ್ಟು ಚೆನ್ನಾಗಿ ಅಳಿಸಿದ ಇನ್ನೊಂದು ಕೃತಿ ಇಲ್ಲ. 1995ರ ಕ್ರೀಡ್‌ನ 'ಸಿಲ್ವರ್ ಮೌಂಟನ್ ವಾಟರ್' ಸ್ವಿಸ್ ಆಲ್ಪ್ಸ್‌ನ ತೊರೆಗಳನ್ನು ಹೆಸರಿಗೆ ತಂದುಕೊಂಡಿತು. ಹಿತವಾದದ್ದು, ಆದರೆ ಅದರಲ್ಲಿ ಮರಗಳಿಲ್ಲ.

ಹೊಸ ಶತಮಾನದಲ್ಲಿ ಕಾಡಿನ ಸುಗಂಧಕ್ಕೆ ನಿಜವಾದ ಸುಗ್ಗಿ. ಮಾರಾಟದ ಅಂಕಿಗಿಂತ ಕಲ್ಪನೆಯನ್ನು ನೆಚ್ಚುವ ಚಿಕ್ಕ ಮನೆಗಳು ಇದಕ್ಕೆ ಕಾರಣ. 2002ರಲ್ಲಿ ಕೊಮ್ ದೆ ಗಾರ್ಸೊನ್ ಐದು ಧೂಪಗಳ ಸರಣಿ ತಂದಿತು: ಅವಿನ್ಯೋಂ, ಕ್ಯೋಟೊ, ಜೈಸಲ್ಮೇರ್, ವಾರ್ಜಜಾತ್, ಜಾಗೋರ್ಸ್ಕ್. ಕೊನೆಯದು ಮಾಸ್ಕೋ ಸಮೀಪದ ಮಠದ ಊರಿನ ಸೋವಿಯತ್ ಕಾಲದ ಹೆಸರು. ಪೈನ್, ಬರ್ಚ್, ಧೂಪ ಸೇರಿ ಅದರಲ್ಲಿ ಹಿಮದ ನಡುವಿನ ಕಲ್ಲಿನ ಗುಡಿಯ ತಂಪು ಮೂಡಿದೆ. ಬೆರ್ತ್ರಾಂ ದ್ಯುಶೊಫೂರ್ 2006ರಲ್ಲಿ ಲಾರ್ಟಿಸಾನ್‌ಗೆ ಮಾಡಿದ 'ಜೊಂಗ್ಖಾ' ಭೂತಾನದ ಪ್ರವಾಸದಿಂದ ಪ್ರೇರಿತ. ಅದೇ ವರ್ಷ ನಟಾಲಿ ಲಾರ್ಸನ್ ಲಾಲೀಕ್‌ಗಾಗಿ 'ಆಂಕ್ರ್ ನ್ವಾರ್' ಮಾಡಿದರು. ಲಾವಂಚ ಮತ್ತು ಸೈಪ್ರಸ್‌ಗಳ ಆ ಕಪ್ಪು ಕಾಡಿಗೆ ಸಾಮಾನ್ಯರೂ ಕೊಳ್ಳಬಹುದಾದ ಬೆಲೆ. ಭಾರತೀಯ ತಾಯಿಯ ಮಗ ಬೆನ್ ಗೋರಮ್ ಸ್ಟಾಕ್‌ಹೋಮಿನಲ್ಲಿ ಕಟ್ಟಿದ ಬೈರೆಡೊ, 2008ರ 'ಜಿಪ್ಸಿ ವಾಟರ್'ನಲ್ಲಿ ಪೈನ್ ಸೂಜಿ, ಜುನಿಪರ್‌ಗಳ ಅಡಿಗೆ ವೆನಿಲ್ಲಾ ಹಾಸಿ ಹೊಸ ಪೀಳಿಗೆಗೆ ಕಾಡಿನ ರುಚಿ ಹತ್ತಿಸಿತು.

ನನ್ನ ಪಾಲಿಗೆ ಈ ಬಗೆಯ ಶಿಖರ 2009ರ 'ಫಿಯ್ ಅನ್ ಎಗ್ವೀ'. ಲೂಟಾನ್ಸ್ ಮತ್ತು ಕ್ರಿಸ್ಟೊಫರ್ ಶೆಲ್ಡ್ರೇಕ್ ಇಲ್ಲಿ ಪೈನನ್ನು ಶುಚಿ ಮಾಡಲು ಹೋಗಲಿಲ್ಲ. ಅಂಟುವ ರಾಳ, ಧೂಪ, ಸಕ್ಕರೆಯಲ್ಲಿ ಅದ್ದಿದ ಹಣ್ಣಿನ ಸಿಹಿ ಎಲ್ಲವನ್ನೂ ಬೆರೆಸಿದರು. ಬಾಲ್ಸಮ್ ಫರ್‌ನ ಅಬ್ಸೊಲ್ಯೂಟ್, ಅಂದರೆ ದ್ರಾವಕದಿಂದ ತೆಗೆದ ಗಟ್ಟಿ ಹಸಿರು ಸಾರ, ಮೂಸಿದವರಿಗೆ ಈ ಸಿಹಿ ಹೊರಗಿನದಲ್ಲ ಎಂದು ತಿಳಿದಿರುತ್ತದೆ. ಅದರಲ್ಲಿ ಹಣ್ಣಿನ ಜಾಮಿನ ಘಮವೇ ಇದೆ. ಹಬೆಯಲ್ಲಿ ಇಳಿಸಿದ ಎಣ್ಣೆ ಕಳೆದುಕೊಳ್ಳುವ ಮರದ ಮೈಯನ್ನು ಅಬ್ಸೊಲ್ಯೂಟ್ ಉಳಿಸಿಕೊಳ್ಳುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡಿನ ಸ್ಲಂಬರ್‌ಹೌಸ್ 2012ರಲ್ಲಿ ಇಂಥ ಸಾರಗಳನ್ನೇ ನೆಚ್ಚಿ 'ನೋರ್ನ್' ಮಾಡಿತು. ಬಣ್ಣ ಎಷ್ಟು ಗಾಢವೆಂದರೆ ಬಿಳಿ ಅಂಗಿಯ ಮೇಲೆ ಹಾಕುವಂತಿಲ್ಲ. ಜಪಾನಿನ ಹೀಬಾ ಕಾಡಿನಿಂದ ಪ್ರೇರಿತವಾದ ಏಸಪ್‌ನ 'ಹ್ವಿಲ್' 2017ರಲ್ಲಿ ಬಂತು. ಜ್ಯೂರಿಚ್‌ನ ಆಂಡಿ ಟೌವರ್ ತಮ್ಮ ನೆಲದ ಬೆಟ್ಟಗಳ ಹೆಸರಿನಲ್ಲಿ 'ಲೇರ್ ದೆ ಆಲ್ಪ್ ಸ್ವಿಸ್' ತಂದದ್ದು 2019ರಲ್ಲಿ.

ಇಷ್ಟರ ನಡುವೆ ವಿಜ್ಞಾನವೂ ಚಳಿಯ ಗುಟ್ಟೊಂದನ್ನು ಬಿಡಿಸಿತು. ಮೆಂಥಾಲ್ ಮೂಸಿದಾಗ ತಣ್ಣಗೆನಿಸುವುದು ವಾಸನೆಯ ನರದಿಂದಲ್ಲ, ಮುಖದ ಸ್ಪರ್ಶವನ್ನು ಹೊತ್ತೊಯ್ಯುವ ನರದಿಂದ. ಆ ನರದಲ್ಲಿರುವ, ಚಳಿಗೆ ಸ್ಪಂದಿಸುವ ಟಿಆರ್‌ಪಿಎಂ8 ಎಂಬ ಗ್ರಾಹಕವನ್ನು ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆಬೇರೆಯಾಗಿ 2002ರಲ್ಲಿ ಗುರುತಿಸಿದರು. ಶಾಖ ಮತ್ತು ಸ್ಪರ್ಶದ ಗ್ರಾಹಕಗಳ ಶೋಧಕ್ಕಾಗಿ 2021ರ ವೈದ್ಯಕೀಯ ನೊಬೆಲ್ ಅವರಿಬ್ಬರಿಗೆ ಬಂತು. ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಕೂಡ ಇದೇ ಗ್ರಾಹಕವನ್ನು ಮೆಲ್ಲಗೆ ತಟ್ಟುತ್ತದೆ. ಹಿಮದ ಸುಗಂಧ ಮಾಡುವವರು ಇಂಥ ಪದಾರ್ಥವನ್ನು ಚಿಟಿಕೆಯಷ್ಟೇ ಸೇರಿಸುವುದಕ್ಕೆ ಕಾರಣವಿದೆ. ಸ್ವಲ್ಪ ಹೆಚ್ಚಾದರೂ ನೆಗಡಿಯ ಮುಲಾಮು ನೆನಪಾಗುತ್ತದೆ.

ದಾರಿ ಎಲ್ಲೆಲ್ಲೂ ಏರಲಿಲ್ಲ. ಓಕ್ ಮಾಸ್‌ನಲ್ಲಿರುವ ಅಟ್ರನಾಲ್ ಮತ್ತು ಕ್ಲೋರೊಅಟ್ರನಾಲ್ ಹಲವರ ಚರ್ಮಕ್ಕೆ ಅಲರ್ಜಿ ತರುವುದರಿಂದ ಯುರೋಪಿಯನ್ ಒಕ್ಕೂಟ 2017ರಲ್ಲಿ ಅವನ್ನು ನಿಷೇಧಿಸಿತು. 2021ರ ಆಗಸ್ಟ್ ನಂತರ ಅವು ಇರುವ ಸರಕನ್ನು ಅಲ್ಲಿ ಮಾರುವಂತಿಲ್ಲ. ಈಗ ಆ ಅಣುಗಳನ್ನು ತೆಗೆದು ಶೋಧಿಸಿದ ಓಕ್ ಮಾಸ್ ಬಳಸುತ್ತಾರೆ. ಹಳೆಯ ಸೀಸೆಯ ಕತ್ತಲು ಹೊಸದರಲ್ಲಿ ಇಲ್ಲವೆಂದು ಬಲ್ಲವರು ಕೊರಗುವುದರಲ್ಲಿ ನಿಜವಿದೆ. ಆದರೂ ಚರ್ಮ ಕೆಂಪಾಗುವವರ ಪರವಾಗಿ ನಿಂತ ನಿಯಮವನ್ನು ನಾನು ದೂರಲಾರೆ.

ನಮ್ಮ ದೇಶದ ಪಾಲು ಇದರಲ್ಲಿ ಏನು? ಕಚ್ಚಾ ಸಾಮಗ್ರಿಗೆ ಕೊರತೆಯಿಲ್ಲ. ಹಿಮಾಚಲ ಮತ್ತು ಉತ್ತರಾಖಂಡದ ಚೀಡ್ ಪೈನ್‌ಗಳಿಂದ ರಾಳ ಇಳಿಸುತ್ತಾರೆ. ನಾಹನ್ ಮತ್ತು ಬಿಲಾಸ್‌ಪುರಗಳಲ್ಲಿ ಅದನ್ನು ಟರ್ಪಂಟೈನ್ ಮಾಡುವ ಸರ್ಕಾರಿ ಕಾರ್ಖಾನೆಗಳಿವೆ. ಹಿಮಾಲಯದ ದೇವದಾರಿನ ಎಣ್ಣೆ ಇದೆ, ಜಟಾಮಾಂಸಿ ಇದೆ. ಅತಿಯಾಗಿ ಕಿತ್ತದ್ದರಿಂದ ಜಟಾಮಾಂಸಿಯ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ 1997ರಿಂದ ನಿಯಂತ್ರಣವಿದೆ. ಕನೌಜಿನ ಅತ್ತರುಗಾರರು ಚಳಿಗಾಲಕ್ಕೆಂದೇ ಮಾಡುವ ಶಮಾಮಾದಲ್ಲಿ ಜಟಾಮಾಂಸಿಯ ಜೊತೆ ಕಲ್ಲುಹೂವೂ ಬೀಳುತ್ತದೆ. ಮೈ ಬೆಚ್ಚಗಿಡುವ ಅತ್ತರೆಂದು ಅದರ ಖ್ಯಾತಿ. ನನ್ನ ಕಣ್ಣಿಗೆ ಇದು ಫ್ರೆಂಚರ ಶೀಪ್ರ್‌ಗೆ ಸಮವಾಗಿ ನಿಲ್ಲುವ ಕಾಡಿನ ಸುಗಂಧ. ಮೈಸೂರು ಗಂಧದೆಣ್ಣೆಗೆ ಸಿಕ್ಕ ಮನ್ನಣೆ ಇದಕ್ಕೂ ಸಿಗಬೇಕಿತ್ತು.

ಹಚ್ಚಿಕೊಳ್ಳುವವರಿಗೆ ಕೆಲವು ಮಾತು. ಸೂಜಿ ಎಲೆಯ ಎಣ್ಣೆಗಳು ಗಾಳಿ, ಬೆಳಕು ತಾಗಿ ಕೆಡುತ್ತವೆ, ಕೆಟ್ಟ ಮೇಲೆ ಚರ್ಮಕ್ಕೆ ಅಲರ್ಜಿ ತರುತ್ತವೆ. ಉದ್ಯಮದ ನಿಯಮವೇ ಅವುಗಳ ಪೆರಾಕ್ಸೈಡಿಗೆ ಮಿತಿ ಹಾಕಿದೆ. ಆದ್ದರಿಂದ ಸೀಸೆಯನ್ನು ಕಿಟಕಿಯ ಬಳಿ ಇಡಬೇಡಿ, ಅಪ್ಪಟ ಪೈನ್ ಎಣ್ಣೆಯನ್ನು ನೇರ ಮೈಗೆ ಹಚ್ಚಬೇಡಿ. ಅಂಗಡಿಯಲ್ಲಿ ಮೊದಲ ಉಸಿರಿಗೇ ಮನಸೋತು ಕೊಳ್ಳಬೇಡಿ. ಆಗ ಕಾಣುವುದು ಬರೀ ಟರ್ಪೀನು, ಕಾಡು ಇರುವುದು ಅರ್ಧ ಗಂಟೆಯ ನಂತರ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ರಾಳ, ಧೂಪಗಳು ಭಾರವಾಗುತ್ತವೆ, ಹಗುರವಾದ ದೇವದಾರಿನವು ಒಪ್ಪುತ್ತವೆ. ಧನುರ್ಮಾಸದ ಬೆಳಗಿಗೆ, ಮಡಿಕೇರಿ ಅಥವಾ ಚಿಕ್ಕಮಗಳೂರಿನ ಮಂಜಿಗೆ ದಪ್ಪನೆಯವನ್ನು ಎತ್ತಿಡಿ. ಚರ್ಮಕ್ಕಿಂತ ಉಣ್ಣೆಯ ಶಾಲು ಇವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಹೊಸಬರು ಪೀನೊ ಸಿಲ್ವೆಸ್ತ್ರೆಯಿಂದ ಶುರುಮಾಡಿ, ಆಂಕ್ರ್ ನ್ವಾರ್ ನೋಡಿ, ಒಂದು ಒಳ್ಳೆಯ ಶಮಾಮಾ ಕೈಗೆ ಸಿಕ್ಕ ಮೇಲೆಯೇ ದುಬಾರಿ ಸೀಸೆಗಳ ಕಡೆ ಹೋಗಲಿ.