ಮಂಡಳಿಯನ್ನೇ ಬದಲಿಸಿದ ಶಾಲೆ

ಉತ್ತರ ಲಂಡನ್ನಿನ ಟಾಟೆನ್‌ಹ್ಯಾಮ್‌ನಲ್ಲಿ ಡೌನ್‌ಹಿಲ್ಸ್ ಎಂಬ ಪ್ರಾಥಮಿಕ ಶಾಲೆ ಇತ್ತು. ಸಂಸದ ಡೇವಿಡ್ ಲ್ಯಾಮಿ ಓದಿದ್ದು ಇಲ್ಲಿಯೇ. 2011ರ ಕೊನೆಯಲ್ಲಿ ಅದರ ಆಡಳಿತ ಮಂಡಳಿಯ ಮುಂದೆ ಒಂದು ಪ್ರಶ್ನೆ ಬಂತು: ಶಾಲೆಯನ್ನು ಅಕಾಡೆಮಿ ಮಾಡಲು ಒಪ್ಪುತ್ತೀರೋ ಇಲ್ಲವೋ? ಒಪ್ಪದಿದ್ದರೂ ಆಗುವುದು ಅದೇ ಎಂಬ ಸೂಚನೆಯೂ ಅದರಲ್ಲೇ ಇತ್ತು.

ಇಂಗ್ಲೆಂಡಿನಲ್ಲಿ ಅಕಾಡೆಮಿ ಎಂದರೆ ಸ್ಥಳೀಯ ಪಾಲಿಕೆಯ ಕೈತಪ್ಪಿ, ನೇರವಾಗಿ ಕೇಂದ್ರ ಸರ್ಕಾರದ ಹಣದಲ್ಲಿ, ಒಂದು ಟ್ರಸ್ಟಿನ ಕೈಕೆಳಗೆ ನಡೆಯುವ ಶಾಲೆ. ಮೊದಲ ಅಕಾಡೆಮಿಗಳು 2002ರಲ್ಲಿ ಲೇಬರ್ ಸರ್ಕಾರದ ಕಾಲದಲ್ಲೇ ತೆರೆದವು. 2010ರ ಕಾಯ್ದೆಯ ನಂತರ ಶಿಕ್ಷಣ ಸಚಿವ ಮೈಕಲ್ ಗೋವ್ ವೇಗ ಹೆಚ್ಚಿಸಿದರು. ಫಲಿತಾಂಶ ಕಳಪೆಯಾದ ಶಾಲೆಗಳನ್ನು ಬಲವಂತವಾಗಿ ಪರಿವರ್ತಿಸಬಹುದಿತ್ತು. ಮಕ್ಕಳ ಓದಿನ ವರ್ಷಗಳು ಮರಳಿ ಬರುವುದಿಲ್ಲ, ಕಾಯಲಾಗದು ಎಂಬುದು ಸರ್ಕಾರದ ವಾದ. ಅದನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇಲ್ಲ. ಡೌನ್‌ಹಿಲ್ಸ್‌ನ ಫಲಿತಾಂಶ ನಿಜಕ್ಕೂ ಹಿಂದಿತ್ತು.

ಮಂಡಳಿಯಲ್ಲಿದ್ದವರು ಸಂಬಳವಿಲ್ಲದೆ ದುಡಿಯುವ ಪಾಲಕರು, ಶಿಕ್ಷಕರು, ಊರಿನವರು. ಅವರು ಬಗ್ಗಲಿಲ್ಲ, ವಕೀಲರ ಮೂಲಕ ಸಚಿವರಿಗೆ ಪತ್ರ ಬರೆದರು. ಪಾಲಕರು ಬೀದಿಗಿಳಿದರು. 2012ರ ಜನವರಿಯಲ್ಲಿ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಬಂತು, ಶಾಲೆ ವಿಫಲವೆಂದು ಬರೆಯಿತು. ಮುಖ್ಯೋಪಾಧ್ಯಾಯರು ರಾಜೀನಾಮೆ ಕೊಟ್ಟರು. ಮಾರ್ಚಿಯಲ್ಲಿ ಗೋವ್ ಇಡೀ ಮಂಡಳಿಯನ್ನೇ ವಜಾ ಮಾಡಿ, ಹಂಗಾಮಿ ಮಂಡಳಿಯೊಂದನ್ನು ತಾವೇ ನೇಮಿಸಿದರು.

ಕಾನೂನಿನ ಕೀಲು ಇರುವುದು ಇಲ್ಲಿ. ಹಂಗಾಮಿ ಮಂಡಳಿಯೇ ಈಗ ಶಾಲೆಯ ಆಡಳಿತ ಮಂಡಳಿ. ಪರಿವರ್ತನೆಗೆ ಮುನ್ನ ಜನರ ಅಭಿಪ್ರಾಯ ಕೇಳಬೇಕೆಂಬ ನಿಯಮವೂ ಇತ್ತು, ಆದರೆ ಕೇಳಿದ್ದನ್ನು ಪಾಲಿಸಬೇಕೆಂದು ಇರಲಿಲ್ಲ. ಬಹುಪಾಲು ಪಾಲಕರು ಬೇಡವೆಂದರು. ಅಭಿಪ್ರಾಯ ದಾಖಲಾಯಿತು, ಅಷ್ಟೆ. ಆಗಸ್ಟಿನಲ್ಲಿ ಹೈಕೋರ್ಟ್ ಪಾಲಕರ ಅರ್ಜಿ ತಿರಸ್ಕರಿಸಿತು. ಸೆಪ್ಟೆಂಬರಿನಲ್ಲಿ ಶಾಲೆಯ ಬಾಗಿಲ ಮೇಲೆ ಹ್ಯಾರಿಸ್ ಪ್ರೈಮರಿ ಅಕಾಡೆಮಿ ಫಿಲಿಪ್ ಲೇನ್ ಎಂಬ ಹೊಸ ಹೆಸರು ಬಂತು. ಹ್ಯಾರಿಸ್ ಎಂದರೆ ಕಾರ್ಪೆಟ್ ವ್ಯಾಪಾರದಿಂದ ಬೆಳೆದ ಲಾರ್ಡ್ ಹ್ಯಾರಿಸ್ ಕಟ್ಟಿದ ಟ್ರಸ್ಟು.

ಬೇರೆ ಶಾಲೆಗಳ ಮಂಡಳಿಗಳು ಇದರಿಂದ ಕಲಿತದ್ದು ಲೆಕ್ಕಾಚಾರ. ಹಠ ಹಿಡಿದು ಸ್ಥಾನ ಕಳೆದುಕೊಳ್ಳುವುದೋ, ಇಲ್ಲ ಬೇಗ ಒಪ್ಪಿ ಯಾವ ಟ್ರಸ್ಟು ಎಂಬುದರಲ್ಲಾದರೂ ಒಂದು ಮಾತು ಉಳಿಸಿಕೊಳ್ಳುವುದೋ? ಹೊರಗಿನಿಂದ ಹೇಡಿತನವೆಂದು ಕಂಡದ್ದು, ಎಷ್ಟೋ ಕಡೆ ಉಳಿದಿದ್ದ ಒಂದೇ ಚೌಕಾಸಿ.

2016ರ ಕಾಯ್ದೆ ಆ ಕಿಟಕಿಯನ್ನೂ ಕಿರಿದು ಮಾಡಿತು. ಆಫ್‌ಸ್ಟೆಡ್ ವಿಫಲವೆಂದ ಪಾಲಿಕೆ ಶಾಲೆಗೆ ಪರಿವರ್ತನೆಯ ಆದೇಶ ಕೊಡುವುದು ಸಚಿವರ ಕರ್ತವ್ಯವೇ ಆಯಿತು. ಅಂಥ ಕಡೆ ಅಭಿಪ್ರಾಯ ಕೇಳುವ ನಿಯಮವನ್ನು ತೆಗೆದುಹಾಕಿದರು. ಆಡಳಿತ ಮಂಡಳಿಗೆ ಉಳಿದ ಕೆಲಸ, ಪರಿವರ್ತನೆ ಸುಗಮವಾಗುವಂತೆ ನೆರವಾಗುವುದು. ಅದನ್ನೂ ಕಾಯ್ದೆಯಲ್ಲೇ ಬರೆದಿದ್ದರು.