ಪಾಠ ಹೇಳಲು ಬಂದ ಪರದೇಶಿ ಮೇಷ್ಟ್ರುಗಳು

ಸಕಲೇಶಪುರದ ಯಾವ ಹಳೇ ತೋಟಕ್ಕೆ ಹೋದರೂ ಒಬ್ಬ ದೊರೆಯ ಹೆಸರು ಕಿವಿಗೆ ಬೀಳುತ್ತದೆ. ಆಗ ಮಂಜರಾಬಾದ್ ಎನಿಸಿಕೊಂಡಿದ್ದ ಈ ಸೀಮೆಗೆ 1850ರ ದಶಕದಲ್ಲಿ ಬಂದು ಕಾಫಿ ಹಾಕಿದ ಆರ್.ಎಚ್. ಎಲಿಯಟ್ ತಮ್ಮ ತೋಟದ ಬದುಕನ್ನು 1871ರಲ್ಲೇ ಪುಸ್ತಕ ಮಾಡಿದರು. ನಮ್ಮವರು ದೊರೆಗಳನ್ನು ನೆನಪಿಟ್ಟುಕೊಂಡರು, ಪಾಠ ಹೇಳಲು ಕಡಲು ದಾಟಿ ಬಂದವರನ್ನು ಮರೆತರು. ಆಲೂರು ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನಗೆ ಇದು ನೋವಿನ ವಿಷಯ.

ಶಿರಾಡಿ ಘಾಟಿ ಇಳಿದರೆ ಮಂಗಳೂರು. ಜರ್ಮನಿಯ ಹರ್ಮನ್ ಮೊಗ್ಲಿಂಗ್ ಅಲ್ಲಿಗೆ ಬಂದದ್ದು 1836ರಲ್ಲಿ. ಅವರನ್ನು ಕಳಿಸಿದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ 1838ರಲ್ಲಿ ಅಲ್ಲಿ ಇಂಗ್ಲಿಷ್ ಶಾಲೆ ತೆರೆಯಿತು. ಇಂಗ್ಲಿಷು ಮೊಗ್ಲಿಂಗರಿಗೂ ಕಲಿತ ಭಾಷೆಯೇ, ತಾಯ್ನುಡಿಯಲ್ಲ. ಅವರು ಅಷ್ಟಕ್ಕೇ ನಿಲ್ಲದೆ ಕನ್ನಡ ಕಲಿತರು. 1843ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. ಮುಂದೆ ಹಳೆಯ ಕನ್ನಡ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಅವರ ಹಾದಿಯಲ್ಲೇ 1853ರಲ್ಲಿ ಬಂದ ಅದೇ ಮಿಶನ್ನಿನ ಕಿಟೆಲ್ಲರು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮ್ಮ ಕೈಗಿತ್ತರು. ಎಷ್ಟೋ ಸಂಜೆ ಅದರ ಪುಟ ತಿರುವಿಯೇ ನಾನು ಮರುದಿನದ ಪಾಠ ಸಿದ್ಧಮಾಡಿಕೊಂಡಿದ್ದೇನೆ.

ಅದೇ ಮಿಶನ್ನು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಆಮೇಲೆ ಮಂಗಳೂರು ಹೆಂಚು ಮಲೆನಾಡನ್ನೆಲ್ಲ ಆವರಿಸಿತು. ನಾನು ಪಾಠ ಮಾಡಿದ ಕೊಠಡಿಗಳ ಮೇಲಿದ್ದದ್ದೂ ಮಂಗಳೂರು ಹೆಂಚೇ. ಆಷಾಢದ ಜಡಿಮಳೆ ಅದರ ಮೇಲೆ ಬಿದ್ದರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಉಕ್ತಲೇಖನ ಬಿಟ್ಟು ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಕೊಪ್ಪೆಯನ್ನು ಬಾಗಿಲ ಬಳಿ ನೇತುಹಾಕಿ ಬಂದ ಮಕ್ಕಳು, ನೆನೆದ ಕೈಯನ್ನು ಚಡ್ಡಿಗೆ ಒರೆಸಿಕೊಂಡು ನಕಲು ಮಾಡಿಕೊಳ್ಳುತ್ತಿದ್ದರು.

ನಮ್ಮ ಹಾಸನ ಜಿಲ್ಲೆಗೆ ಇನ್ನೂ ಹತ್ತಿರದವರು ಬಿ.ಎಲ್. ರೈಸ್. ಮಿಶನರಿಯ ಮಗ, ಹುಟ್ಟಿದ್ದು ಬೆಂಗಳೂರಲ್ಲಿ, ಓದಿದ್ದು ಇಂಗ್ಲೆಂಡಿನಲ್ಲಿ. 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಮರಳಿದವರು, ಆಮೇಲೆ ಶಾಲಾ ಇನ್‌ಸ್ಪೆಕ್ಟರಾದರು. ಹೋಬಳಿಗೊಂದು ಶಾಲೆ ಬೇಕೆಂಬ 1868ರ ಯೋಜನೆ ಅವರದೇ. ಅಲ್ಲಿ ಪಾಠ ಕನ್ನಡದಲ್ಲಿ, ಕಲಿಸುವವರು ಹಳ್ಳಿಯ ಮೇಷ್ಟ್ರುಗಳು. ಶಾಲೆ ನೋಡಲು ಊರೂರು ಸುತ್ತುವಾಗ ಕಂಡ ಶಾಸನದ ಕಲ್ಲುಗಳು ಅವರನ್ನು ಹಿಡಿದು ನಿಲ್ಲಿಸಿದವು. ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ, 1902ರಲ್ಲಿ ಹೊರಬಂದ ಐದನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯದು, ಅದರಲ್ಲಿ ಮಂಜರಾಬಾದ್ ತಾಲ್ಲೂಕಿನ ಶಾಸನಗಳೂ ಇವೆ. ತೋಟದ ದೊರೆಗಳು ಬಿಟ್ಟುಹೋದ ಬಂಗಲೆಗಳಿಗಿಂತ ಆ ಒಂದು ಸಂಪುಟ ನನಗೆ ದೊಡ್ಡದು.

ಬೇರೆ ದೇಶಗಳಲ್ಲೂ ಹೀಗೆ ನಡೆದಿದೆ. 1890ರಲ್ಲಿ ಜಪಾನಿನ ಮಾತ್ಸುಯೆ ಊರಿಗೆ ಇಂಗ್ಲಿಷ್ ಕಲಿಸಲು ಹೋದ ಲಾಫ್ಕಾಡಿಯೊ ಹರ್ನ್ ಅಲ್ಲೇ ಮದುವೆಯಾಗಿ, ಕೊಯಿಜುಮಿ ಯಾಕುಮೊ ಎಂಬ ಹೆಸರಿಟ್ಟುಕೊಂಡು, ಆ ನಾಡಿನ ದೆವ್ವದ ಕಥೆಗಳನ್ನು ಜಗತ್ತಿಗೆ ಹೇಳಿದರು. ಜಪಾನಿಗಳು ಅವರ ಮನೆಯನ್ನು ಇಂದಿಗೂ ಕಾಪಾಡಿಕೊಂಡಿದ್ದಾರೆ.

ನಮ್ಮಲ್ಲಿಗೆ ಬಂದವರಲ್ಲಿ ಹಲವರದು ಮತಪ್ರಚಾರದ ಉದ್ದೇಶ, ಬ್ರಿಟಿಷ್ ಆಡಳಿತದ ನೆರಳೂ ಇತ್ತು. ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಕಲಿಸಲು ಬಂದ ಊರಿನ ನುಡಿಗೆ ಶಿಷ್ಯರಾಗಿ ಕೂತವರು ಅವರು.

ಈಗ ನಮ್ಮ ತೋಟಗಳ ಲೈನ್ ಮನೆಗಳಿಗೆ ಅಸ್ಸಾಮಿನ ಕಡೆಯಿಂದ ಸಂಸಾರಗಳು ಬರುತ್ತಿವೆ. ಅವರ ಮಕ್ಕಳು ನಮ್ಮ ಶಾಲೆಯ ಕೊನೇ ಬೆಂಚಿನಲ್ಲಿ ಮಾತಿಲ್ಲದೆ ಕೂರುತ್ತವೆ. ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುವುದಿಷ್ಟೆ: ಆ ಮಕ್ಕಳಿಗೆ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸಿ, ಅದಕ್ಕೂ ಮೊದಲು ಅವರ ಮನೆಮಾತಿನ ನಾಲ್ಕು ಮಾತು ಅವರಿಂದಲೇ ಕಲಿಯಿರಿ.